ಸದ್ದು ಬರುವವರೆಗೆ ಕಾಯಬೇಕೆ?

ಚಿಕ್ಕಪ್ಪ (ಫಾರ್ವರ್ಡ್ ಆದ ಸಂದೇಶ): “ಕಾರು ಮಾಲೀಕರೇ, ಮೋಸ ಹೋಗಬೇಡಿ! ಬ್ರೇಕ್ ಪ್ಯಾಡ್ ಸವೆದಾಗ ಕೀಚಲು ಸದ್ದು ತಾನಾಗಿಯೇ ಬರುತ್ತದೆ. ಅಲ್ಲಿಯವರೆಗೆ ಬ್ರೇಕ್ ಕೆಲಸಕ್ಕೆ ಹಣ ಹಾಕಬೇಡಿ. ಆಯಿಲ್ ಕಡಿಮೆಯಾದರೆ ನೀವೇ ತಂದು ತುಂಬಿಸಿ. ಎಲ್ಲ ಗುಂಪುಗಳಿಗೂ ಕಳುಹಿಸಿ.”

ಭಾವ: ಮಾವನವರೇ, ಇದರಲ್ಲಿ ಅರ್ಧ ನಿಜವಿದೆ, ಅಪಾಯ ಇರುವುದೂ ಆ ಅರ್ಧದಲ್ಲೇ. ಹಲವು ಪ್ಯಾಡ್‌ಗಳಲ್ಲಿ ತೆಳುವಾದ ಉಕ್ಕಿನ ಪಟ್ಟಿಯೊಂದು ಇರುತ್ತದೆ, ಪ್ಯಾಡು ಎರಡು ಮೂರು ಮಿ.ಮೀ.ಗೆ ಇಳಿದಾಗ ಅದು ಚಕ್ರದೊಡನೆ ತಿರುಗುವ ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಆದರೆ ಎಲ್ಲ ಪ್ಯಾಡ್‌ಗಳಲ್ಲೂ ಆ ಪಟ್ಟಿ ಇರುವುದಿಲ್ಲ. ಇದ್ದರೂ ಎಷ್ಟೋ ಕಾರುಗಳಲ್ಲಿ ಚಕ್ರದ ಎರಡು ಪ್ಯಾಡ್‌ಗಳ ಪೈಕಿ ಒಂದರಲ್ಲಿ ಮಾತ್ರ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸ್ ಒಣಗಿ ಹಿಡಿದುಕೊಂಡರೆ ಒಂದು ಬದಿಯ ಪ್ಯಾಡು ಬೇಗ ಸವೆಯುತ್ತದೆ, ಅದು ಪಟ್ಟಿಯಿಲ್ಲದ ಪ್ಯಾಡೇ ಆಗಿದ್ದರೆ ನಿಮಗೆ ಕೇಳಿಸುವ ಮೊದಲ ಸದ್ದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ. ಆಗ ಪ್ಯಾಡಿನ ಜೊತೆಗೆ ಡಿಸ್ಕಿನ ಖರ್ಚೂ ತಲೆಯ ಮೇಲೆ ಬೀಳುತ್ತದೆ.

ಚಿಕ್ಕಪ್ಪ: ಅಳಿಯಂದಿರೇ, ಹಿಂದಿನ ಸರ್ವಿಸಿನಲ್ಲಿ ಪ್ಯಾಡ್ ಬದಲಿಸಲೇಬೇಕೆಂದು ಗ್ಯಾರೇಜಿನವರು ಖರ್ಚಿನ ಪಟ್ಟಿ ಕೊಟ್ಟರು. ಚಕ್ರ ಬಿಚ್ಚಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು! ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಕ್ಕಿಂತ ಸದ್ದಿಗಾಗಿ ಕಾಯುವುದೇ ಮೇಲಲ್ಲವೆ?

ನಾನು: ಚಿಕ್ಕಪ್ಪ, ನೀವು ಅಂದು ಚಕ್ರ ಬಿಚ್ಚಿಸಿದ್ದೇ ಸರಿಯಾದ ಕ್ರಮ. ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ, 3 ಮಿ.ಮೀ. ಹತ್ತಿರ ಬಂದಾಗ ಬದಲಿಸುವುದು ರೂಢಿ, ಖಚಿತ ಮಿತಿ ಕಾರಿನ ಕೈಪಿಡಿಯಲ್ಲಿರುತ್ತದೆ. ಅಳೆದು ನೋಡಿದರೆ ಅವರ ಮಾತನ್ನೂ ನಂಬಬೇಕಿಲ್ಲ, ಸದ್ದನ್ನೂ ಕಾಯಬೇಕಿಲ್ಲ.

ಅಕ್ಕ: ಮಳೆ ಬಂದ ಮರುದಿನ ಬೆಳಿಗ್ಗೆ ನನ್ನ ಕಾರು ಹೀಗೇ ಕಿರುಚಿ, ಸ್ವಲ್ಪ ದೂರ ಹೋದ ಮೇಲೆ ಸುಮ್ಮನಾಗುತ್ತದೆ. ವೇಗದಲ್ಲಿರುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಎರಡಕ್ಕೂ ಪ್ಯಾಡೇ ಕಾರಣವೆ?

ತಮ್ಮ: ಅಕ್ಕಾ, ಮೊದಲನೆಯದು ರಾತ್ರಿಯ ತೇವಕ್ಕೆ ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ, ಚಿಂತೆ ಬೇಡ. ಎರಡನೆಯದು ಬಹುಮಟ್ಟಿಗೆ ಡಿಸ್ಕಿನ ದಪ್ಪ ಎಲ್ಲೆಡೆ ಒಂದೇ ಸಮ ಉಳಿದಿಲ್ಲ ಎಂಬುದರ ಸೂಚನೆ, ಬರೀ ಪ್ಯಾಡ್ ಬದಲಿಸಿದರೆ ಅದು ಹೋಗುವುದಿಲ್ಲ. ಆದರೆ ದಿಢೀರನೆ ಜೋರಾಗಿ ತುಳಿದಾಗ ಮಾತ್ರ ಪೆಡಲ್ ಪಟಪಟನೆ ಕಾಲಿಗೆ ಬಡಿದರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು; ಹೆದರಿ ಕಾಲು ತೆಗೆಯಬಾರದು.

ಚಿಕ್ಕಪ್ಪ: ಸರಿ. ಆಯಿಲ್ ತುಂಬಿಸಿಕೊಳ್ಳುವುದರಲ್ಲಿ ಏನು ತಪ್ಪಿದೆ?

ಭಾವ: ಆ ಸಂದೇಶದಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದೇ ಆ ವಾಕ್ಯ. ಬರೀ “ಆಯಿಲ್” ಎಂದು ಓದಿ ಯಾರಾದರೂ ಬ್ರೇಕಿನ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ಸರಿಯಾದ ದ್ರವವನ್ನೇ, ಅಂದರೆ ಬ್ರೇಕ್ ಫ್ಲೂಯಿಡನ್ನೇ ತಂದರೂ ಕೇಳಬೇಕಾದ ಪ್ರಶ್ನೆ ಅದು ಏಕೆ ಇಳಿಯಿತು ಎಂಬುದು. ಪ್ಯಾಡ್ ಸವೆದಂತೆ ಅದನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಫ್ಲೂಯಿಡ್ ತುಂಬುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವ ಮಟ್ಟವೇ ಸವೆತದ ಸುಳಿವು. ನೀವು ತುಂಬಿಸಿದರೆ ಆ ಸುಳಿವು ಅಳಿಸಿಹೋಗುತ್ತದೆ, ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಉಕ್ಕಿ ಚೆಲ್ಲಿ ಪೇಂಟನ್ನೂ ತಿನ್ನುತ್ತದೆ. ಮಟ್ಟ ಒಮ್ಮೆಲೇ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಗ ತುಂಬಿಸಿಕೊಂಡು ಓಡಿಸುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು. ಈ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ನೀರಿನ ಅಂಶ ಶೇ 3.7ಕ್ಕೆ ಏರಿದಾಗ ಆ ಕನಿಷ್ಠ ಮಿತಿ 155ಕ್ಕೆ ಬರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಹಳೆಯ ಫ್ಲೂಯಿಡ್ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಆಗ ಯಾವ ಕೀಚಲು ಸದ್ದೂ ಬರುವುದಿಲ್ಲ, ಮಾವನವರೇ.

ಅತ್ತೆ: ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ?

ತಮ್ಮ: ಅತ್ತೆ, ಅದು ಪೆಡಲ್ ಒತ್ತಿದಾಗ ಫ್ಲೂಯಿಡನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಒತ್ತಡ ಬಿಡುತ್ತಿರುವ ಲಕ್ಷಣ, ಇಲ್ಲವೇ ಎಲ್ಲೋ ಸೋರಿಕೆ. ಹಾಗಿದ್ದರೆ ಗಾಡಿ ಮುಂದೆ ಓಡಿಸದೆ ಎಳೆಸಿಕೊಂಡು ಹೋಗಿ.

ಚಿಕ್ಕಪ್ಪ: ಈಗ ಬಾನೆಟ್ ತೆರೆದು ನೋಡಿ ಬಂದೆ. ಫ್ಲೂಯಿಡ್ ಕೆಳಗಿನ ಗೆರೆಯ ಹತ್ತಿರಕ್ಕೆ ಬಂದಿದೆ.

ಭಾವ: ತುಂಬಿಸಬೇಡಿ. ನಾಲ್ಕೂ ಚಕ್ರ ಬಿಚ್ಚಿಸಿ, ಒಳಬದಿಯ ಪ್ಯಾಡುಗಳನ್ನೂ ನೋಡಿ. ಹಿಂದಿನ ಚಕ್ರಗಳಲ್ಲಿ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇದ್ದರೆ ಅದನ್ನೂ ತೆಗೆಸಿ.

ಚಿಕ್ಕಪ್ಪ: ಆಗಲಿ. ಇದನ್ನು ಕಳುಹಿಸಿದ ಬೇರೆ ಗುಂಪುಗಳಿಗೆ ಆಯಿಲ್ ವಾಕ್ಯ ತಪ್ಪೆಂದು ಬರೆಯುತ್ತೇನೆ. ಪ್ಯಾಡನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ ಎಂಬುದನ್ನು ಮಾತ್ರ ಅದರ ಕೆಳಗೇ ಸೇರಿಸುತ್ತೇನೆ, ಅದಕ್ಕೆ ಯಾರೂ ಬೇಡವೆನ್ನಬಾರದು.