ಐನ್‌ಮನೆಯ ಕೋವಿಗೆ ಲೇಸರ್ ಕೆತ್ತನೆ: ಹಾಕಿಸಬಹುದೇ, ಹಾಕಿಸುವುದಾದರೆ ಎಲ್ಲಿ?

ಬೋಪಣ್ಣ, ಪೊನ್ನಂಪೇಟೆ:
ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯಲ್ಲಿ (ಕೊಡಗಿನ ನಮ್ಮ ಕುಲದ ಮೂಲಮನೆಯಲ್ಲಿ) ಇಂಗ್ಲೆಂಡಿನಲ್ಲಿ ತಯಾರಾದ, ಹನ್ನೆರಡು ಬೋರಿನ ಹಳೆಯ ಜೋಡುನಳಿಗೆ ಕೋವಿಯೊಂದಿದೆ. ಸೆಪ್ಟೆಂಬರ್ 3ರ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮೊದಲು ಅದರ ನಳಿಗೆಯ ಮೇಲೆ ಒಕ್ಕದ (ಕುಲದ) ಹೆಸರನ್ನೂ ಒಂದು ತೋಕ್ ಪೂವಿನ (ಅಗ್ನಿಶಿಖೆ ಹೂವಿನ) ಚಿತ್ರವನ್ನೂ ಲೇಸರ್‌ನಿಂದ ಕೆತ್ತಿಸಬೇಕೆಂದು ಮನೆಯ ಹುಡುಗರು ಬಯಸಿದ್ದಾರೆ. ಹಿರಿಯರಿಗೆ ಇದು ಒಪ್ಪಿಗೆಯಾಗಿಲ್ಲ, ಆದರೆ ಏಕೆ ಬೇಡ ಎಂಬುದನ್ನು ಅವರು ಬಿಡಿಸಿ ಹೇಳುತ್ತಿಲ್ಲ. ಲೋಹಕ್ಕೆ ಹಾನಿಯಾಗುತ್ತದೆಯೇ, ಕಾನೂನಿನ ತೊಡಕೇನಾದರೂ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಸಂತೋಷ್, ಕುಶಾಲನಗರ:
ಬೋಪಣ್ಣನವರೇ, ನಾನು ಫೈಬರ್ ಲೇಸರ್ ಯಂತ್ರದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮತ್ತು ಪಂಪುಗಳ ನಾಮಫಲಕ ಮಾಡುವವನು. ಮರ, ಅಕ್ರಿಲಿಕ್ ಕತ್ತರಿಸುವ ಸಾಮಾನ್ಯ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10.6 ಮೈಕ್ರೋಮೀಟರ್; ಬರಿಯ ಲೋಹ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಎಸೆಯುತ್ತದೆ. ಫೈಬರ್ ಲೇಸರ್‌ನದು 1064 ನ್ಯಾನೋಮೀಟರ್, ಉಕ್ಕು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಇದರಲ್ಲಿ ಮೂರು ಬಗೆಯ ಕೆಲಸ ಸಾಧ್ಯ: ಮೇಲಿನ ಕಪ್ಪು ಲೇಪವನ್ನಷ್ಟೇ ಸುಲಿದು ಬಿಳಿ ಗೆರೆ ಕಾಣುವಂತೆ ಮಾಡುವುದು, ಲೋಹವನ್ನು ತೆಗೆಯದೆ ಕಾಯಿಸಿ ಆಕ್ಸೈಡಿನ ಕಪ್ಪು ಗುರುತು ಮೂಡಿಸುವುದು, ಮತ್ತು ಲೋಹವನ್ನೇ ಆವಿ ಮಾಡುತ್ತ ನಿಜವಾಗಿ ಕೊರೆಯುವುದು. ಅಚ್ಚಿನ ಮೇಲೆ ಸುತ್ತಿಗೆಯಿಂದ ಹೊಡೆದು ಅಕ್ಷರ ಒತ್ತಿಸುವುದಕ್ಕಿಂತ ಇದು ಕೋವಿಗೆ ಬಹಳ ಸೌಮ್ಯ, ಏಕೆಂದರೆ ಪೆಟ್ಟೂ ಇಲ್ಲ, ಒತ್ತಡವೂ ಇಲ್ಲ, ಬಿಸಿಯ ಪರಿಣಾಮವೂ ಗೆರೆಯ ಅಂಚಿನಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿ ತಯಾರಕರು ಹಾಕುವ ಸರಣಿ ಸಂಖ್ಯೆಗೆ ನಿಯಮ ಕೇಳುವ ಕನಿಷ್ಠ ಆಳ 0.003 ಇಂಚು, ಅಂದರೆ ಸುಮಾರು 0.076 ಮಿಲಿಮೀಟರ್, ಅಲ್ಲಿ ಎಷ್ಟೋ ಕಾರ್ಖಾನೆಗಳು ಅದನ್ನು ಲೇಸರ್‌ನಿಂದಲೇ ಮಾಡುತ್ತವೆ.

ಪೂಣಚ್ಚ, ವಿರಾಜಪೇಟೆ:
ಸೇನೆಯಲ್ಲಿ ಆರ್ಮರರ್ (ಆಯುಧ ದುರಸ್ತಿಗಾರ) ಆಗಿ ನಿವೃತ್ತನಾದವನು ನಾನು. ಸಂತೋಷ್ ಯಂತ್ರದ ಬಗ್ಗೆ ಹೇಳಿದ್ದು ಸರಿ, ಆದರೆ ಅವರು ಕೊಟ್ಟ ಲೆಕ್ಕ ಹೊಸ ಕೋವಿಯ ದಪ್ಪನೆಯ ಒಡಲಿಗೆ ಸಲ್ಲುತ್ತದೆಯೇ ಹೊರತು ಹಳೆಯ ಜೋಡುನಳಿಗೆಗಲ್ಲ. ಅಂಥ ನಳಿಗೆ ತೋಟಾ ಕೂರುವ ಜಾಗದಲ್ಲಿ ದಪ್ಪವಿದ್ದರೂ ಬಾಯಿಯ ಕಡೆಗೆ ಹೋದಂತೆ ತೆಳುವಾಗಿ, ಹಲವು ಕೋವಿಗಳಲ್ಲಿ ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಎಷ್ಟೋ ವರ್ಷಗಳಿಂದ ಒಳಗೆ ತುಕ್ಕು ತಿಂದು, ಅದನ್ನು ಉಜ್ಜಿ ತೆಗೆದು ಇನ್ನಷ್ಟು ಸವೆದಿರುತ್ತದೆ. ಅಲ್ಲಿ ಹತ್ತನೇ ಒಂದು ಮಿಲಿಮೀಟರ್ ಎಂಬುದು ಸಣ್ಣ ಮಾತಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯಾಗಿದ್ದರೆ ಅದನ್ನು ಮುಟ್ಟಲೇಬಾರದು.

ಎರಡನೆಯದು ನಮ್ಮ ಮಳೆ. ನಳಿಗೆಯ ನೀಲಿಗಪ್ಪು ಬಣ್ಣವೆಂದರೆ ಕಬ್ಬಿಣದ ಆಕ್ಸೈಡಿನ ತೆಳುವಾದ ಪದರ. ಎಣ್ಣೆಯನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ಕಾಯುವುದು ಅದೇ. ಲೇಸರ್ ಅದನ್ನು ಸುಲಿದ ಜಾಗದಲ್ಲಿ ಉಕ್ಕು ಬೆತ್ತಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ ಆ ಗೆರೆಗಳು ಕೆಂಪಾಗಲು ಹೆಚ್ಚು ದಿನ ಬೇಕಿಲ್ಲ.

ಸಂತೋಷ್, ಕುಶಾಲನಗರ:
ಪೂಣಚ್ಚ ಸರ್, ತುಕ್ಕಿನ ಭಯ ನಿಜವಾದದ್ದೇ. ಆದರೆ ಕೆತ್ತಿದ ಮೇಲೆ ಇಡೀ ನಳಿಗೆಗೆ ಮತ್ತೆ ಬ್ಲೂಯಿಂಗ್ (ಆ ನೀಲಿಗಪ್ಪು ಪದರ ಬರಿಸುವ ಕೆಲಸ) ಮಾಡಿಸಿದರೆ ಆ ಗೆರೆಗಳೂ ಮುಚ್ಚಿಹೋಗುವುದಿಲ್ಲವೇ? ಇನ್ನೊಂದು ವಿಷಯ: ಹಳೆಯ ಇಂಗ್ಲಿಷ್ ಕೋವಿಗಳ ಲಾಕ್ ಪ್ಲೇಟುಗಳನ್ನು (ಸಿಡಿಸುವ ಯಂತ್ರಭಾಗ ಕೂತಿರುವ ಪಕ್ಕದ ಲೋಹದ ತಗಡುಗಳನ್ನು) ಕೈಯಿಂದ ಕೆತ್ತಿದ ನಂತರ ಮೂಳೆಯ ಇದ್ದಿಲಿನಲ್ಲಿಟ್ಟು ಕಾಯಿಸಿ, ಮೇಲ್ಪದರವನ್ನು ಗಟ್ಟಿ ಮಾಡುತ್ತಿದ್ದರು. ಹಾಗೆ ಗಟ್ಟಿಯಾದ ತಗಡಿನ ಮೇಲೆ ಇಂದು ಕೆತ್ತನೆಗಾರನ ಉಳಿ ಓಡುವುದಿಲ್ಲ. ಲೇಸರ್‌ಗೆ ಲೋಹದ ಗಡಸುತನ ಅಡ್ಡಿಯಲ್ಲ. ಆದ್ದರಿಂದ ನಳಿಗೆ ಬೇಡವೆಂದಾದರೆ ಲಾಕ್ ಪ್ಲೇಟಿನಲ್ಲಿ ಮಾಡಬಹುದೆಂದು ನನ್ನ ಅಭಿಪ್ರಾಯ.

ಪೂಣಚ್ಚ, ವಿರಾಜಪೇಟೆ:
ಜೋಡುನಳಿಗೆಗೆ ಬಿಸಿ ಬ್ಲೂಯಿಂಗ್ ಮಾಡುವಂತಿಲ್ಲ, ಇದನ್ನು ಓದುವವರೆಲ್ಲರೂ ದಯವಿಟ್ಟು ನೆನಪಿಡಬೇಕು. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ತವರ ಮತ್ತು ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ. ಕುದಿಯುವ ಕಾಸ್ಟಿಕ್ ದ್ರಾವಣ ಆ ಬೆಸುಗೆಯನ್ನು ತಿನ್ನುತ್ತದೆ. ಸಂದಿಯೊಳಗೆ ಉಳಿದ ಉಪ್ಪು ಆಮೇಲೆ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಅಂಥ ಕೋವಿಗೆ ನಿಧಾನವಾಗಿ ತುಕ್ಕು ಬರಿಸಿ, ಕುದಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ಮತ್ತೆ ಅದನ್ನೇ ಮಾಡುವ ಹಳೆಯ ಕ್ರಮವೊಂದೇ ದಾರಿ, ಮತ್ತು ಅದನ್ನು ಬಲ್ಲವರು ಇಂದು ಬಹಳ ಕಡಿಮೆ.

ದೇಚಮ್ಮ, ಮಡಿಕೇರಿ:
ವಕೀಲಳಾಗಿ ಕಾನೂನಿನ ಭಾಗವನ್ನು ಹೇಳುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಹೊಂದಲು ಪರವಾನಗಿ ಪಡೆಯಬೇಕೆಂಬ ಬಾಧ್ಯತೆಯ ಕುರಿತಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಎಲ್ಲರಂತೆ ನಮಗೂ ಅನ್ವಯಿಸುತ್ತದೆ: ಕೋವಿಯ ಮೇಲಿರುವ ಹೆಸರು, ಸಂಖ್ಯೆ ಅಥವಾ ಯಾವುದೇ ಗುರುತನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ನಿಷಿದ್ಧ. ಗುರುತು ಅಳಿದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದರೆಂದು, ಬೇರೆಯದು ಸಾಬೀತಾಗುವವರೆಗೆ, ಕಾನೂನು ಭಾವಿಸುತ್ತದೆ. ಅಲಂಕಾರದ ಬಳ್ಳಿ ಒಂದು ಅಂಕಿಯ ಮೇಲೆ ಹಾದುಹೋದರೂ ಆ ಹೊರೆ ನಿಮ್ಮ ತಲೆಗೆ ಬರುತ್ತದೆ.

ದುರಸ್ತಿಗೂ ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಬೇಕು. ನಾಮಫಲಕದ ಅಂಗಡಿಯಲ್ಲಿ ಕೋವಿಯನ್ನು ಬಿಟ್ಟುಬರುವುದು ಯಾವ ಕಾರಣಕ್ಕೂ ಸಲ್ಲದು. ವಿನಾಯಿತಿ ನಿಮ್ಮದೇ ಹೊರತು ಅಂಗಡಿಯವರದಲ್ಲ. ಸಂತೋಷ್ ಅವರ ಹಿತಕ್ಕಾಗಿಯೂ ಈ ಮಾತು ಹೇಳುತ್ತಿದ್ದೇನೆ. ಏನೇ ಮಾಡಿಸುವುದಿದ್ದರೂ ಪರವಾನಗಿ ಇರುವ ಕೋವಿ ದುರಸ್ತಿಗಾರರ ಮೂಲಕವೇ ಮಾಡಿಸಿ.

ಕುಶಾಲಪ್ಪ, ಚೆಟ್ಟಿಮಾನಿ:
ದೇಚಮ್ಮಕ್ಕ, ನಾವು ಜಮ್ಮಾ ಹಿಡುವಳಿಯ ಗೌಡರು, ನಮ್ಮಲ್ಲಿರುವುದು ಬಾಯಿಯಿಂದ ಮದ್ದು ತುಂಬಿ ಕೇಪಿನಿಂದ ಸಿಡಿಸುವ ಕೇಪಿನ ಕೋವಿ. ಅದರ ಮೇಲಿನ ಬರಹ ಸವೆದು, ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಕಾಣುವಂತಾಗಿದೆ. ಚುನಾವಣೆಯ ಹೊತ್ತಿನಲ್ಲಿ ಠಾಣೆಯಲ್ಲಿ ಇರಿಸಬೇಕಾಗಿ ಬಂದರೆ ಒಂದೇ ತರಹದ ಕೋವಿಗಳ ನಡುವೆ ನಮ್ಮದನ್ನು ಗುರುತಿಸುವುದು ಹೇಗೆ? ಸವೆದ ಅಂಕಿಯನ್ನೇ ಲೇಸರ್‌ನಿಂದ ಇನ್ನಷ್ಟು ಆಳ ಮಾಡಿಸಿದರೆ ತಪ್ಪೇನು? ಕಳವಾದರೆ ಹುಡುಕುವುದಕ್ಕೂ ಅದು ನೆರವಾಗುತ್ತದಲ್ಲವೇ?

ದೇಚಮ್ಮ, ಮಡಿಕೇರಿ:
ಕುಶಾಲಪ್ಪಣ್ಣ, ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಸವೆದ 3 ಯಾರದೋ ಕೈಯಲ್ಲಿ 8 ಆಗಿಬಿಟ್ಟರೆ ನಿಮ್ಮ ದಾಖಲೆಗೂ ಕೋವಿಗೂ ತಾಳೆಯಾಗುವುದಿಲ್ಲ. ಹಳೆಯ ಅಂಕಿಯನ್ನು ಮುಟ್ಟದೆ, ಅದರ ಸ್ಪಷ್ಟವಾದ ಫೋಟೋ ಇಟ್ಟುಕೊಂಡು, ಸಂಖ್ಯೆ ಓದಲಾಗುತ್ತಿಲ್ಲವೆಂದು ಜಿಲ್ಲಾಧಿಕಾರಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಅವರು ಹೇಳಿದಂತೆ ಮುಂದುವರಿಯಿರಿ. ಗುರುತಿಗೆ ಸದ್ಯಕ್ಕೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕಟ್ಟಿದರೂ ಸಾಕು.

ಅಕ್ಕಮ್ಮ, ಗೋಣಿಕೊಪ್ಪ:
ಬೋಪಣ್ಣ, ನಿಮ್ಮ ಹಿರಿಯರ ಮನಸ್ಸು ನನಗೆ ಅರ್ಥವಾಗುತ್ತದೆ. ನಳಿಗೆಯನ್ನು ಕಳಚಿ ಅದರ ಅಡಿಯ ಚಪ್ಪಟೆ ಭಾಗವನ್ನು ಒಮ್ಮೆ ನೋಡಿ. ಅಲ್ಲಿ ಲಂಡನ್ ಅಥವಾ ಬರ್ಮಿಂಗ್ಹ್ಯಾಮ್ ಪ್ರೂಫ್ ಹೌಸಿನ ಕಿರೀಟದ ಮುದ್ರೆಗಳಿರುತ್ತವೆ. ಲಂಡನ್ನಿನ ಬಂದೂಕು ತಯಾರಕರ ಸಂಘ 1637ರದು, ಬರ್ಮಿಂಗ್ಹ್ಯಾಮಿನ ಪ್ರೂಫ್ ಹೌಸ್ 1813ರದು. ಹೆಚ್ಚು ಮದ್ದು ತುಂಬಿ ಹಾರಿಸಿ, ಈ ನಳಿಗೆ ತಾಳಿತು ಎಂದು ಒತ್ತಿದ ಸಾಕ್ಷಿ ಅದು. ಲಾಕ್ ಪ್ಲೇಟಿನ ಬಳ್ಳಿಗಳನ್ನು ಯಾರೋ ಕೈಯಿಂದ ಕೆತ್ತಿದ್ದಾರೆ, ಒಂದೊಂದು ಗೆರೆಯೂ ತೆಳುವಾಗಿ ಶುರುವಾಗಿ, ನಡುವೆ ಆಳವಾಗಿ, ಮತ್ತೆ ತೆಳುವಾಗುತ್ತದೆ. ಅದರ ಪಕ್ಕದಲ್ಲಿ ಒಂದೇ ಆಳದ, ತಳ ಒರಟಾದ ಲೇಸರ್ ಗೆರೆ ಬಂದು ಕೂತರೆ ಎರಡೂ ಕೆಡುತ್ತವೆ. ಸಂತೋಷ್ ಅವರ ಲಾಕ್ ಪ್ಲೇಟಿನ ಸಲಹೆಯನ್ನು ನಾನು ಈ ಕಾರಣಕ್ಕೆ ಒಪ್ಪುವುದಿಲ್ಲ. ಮರದ ಹಿಡಿಯ ಕೆಳಗೆ, ಮಾಲೀಕರ ಹೆಸರಿನ ಮೊದಲಕ್ಷರಗಳಿಗೆಂದೇ ಬಿಟ್ಟ ಸಣ್ಣ ಅಂಡಾಕಾರದ ಲೋಹದ ತಗಡು ಅಂಥ ಅನೇಕ ಕೋವಿಗಳಲ್ಲಿ ಇರುತ್ತದೆ. ಅದು ಖಾಲಿಯಿದ್ದರೆ ಒಕ್ಕದ ಹೆಸರಿಗೆ ಅದಕ್ಕಿಂತ ಯೋಗ್ಯವಾದ ಜಾಗವಿಲ್ಲ. ಇಲ್ಲದಿದ್ದರೆ ಬೆಳ್ಳಿಯದೊಂದನ್ನು ಮಾಡಿಸಿ ಕೂರಿಸಬಹುದು.

ಸಂತೋಷ್, ಕುಶಾಲನಗರ:
ಅಕ್ಕಮ್ಮನವರ ಮಾತಿನಲ್ಲಿ ನ್ಯಾಯವಿದೆ, ಈ ಕೋವಿಯ ಮಟ್ಟಿಗೆ ಲಾಕ್ ಪ್ಲೇಟನ್ನು ಬಿಟ್ಟುಬಿಡೋಣ. ಒಂದು ತಾಂತ್ರಿಕ ಸಂಗತಿ: ಬೆಳ್ಳಿ ನಮ್ಮ ಲೇಸರ್‌ನ ಬೆಳಕನ್ನು ಬಹುಪಾಲು ಪ್ರತಿಫಲಿಸುತ್ತದೆ. ಶಕ್ತಿ ಹೆಚ್ಚಿಸಿ ಕೊರೆಯಬಹುದಾದರೂ, ಪೀಚೆಕತ್ತಿಯ (ಕೊಡವರ ಸೊಂಟದ ಕಿರುಗತ್ತಿಯ) ಬೆಳ್ಳಿ ಕೆಲಸ ಮಾಡುವ ಅಕ್ಕಸಾಲಿಗರ ಉಳಿ ಅಲ್ಲಿ ನನ್ನ ಯಂತ್ರಕ್ಕಿಂತ ಚೆನ್ನಾಗಿ ಓಡುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಉಕ್ಕಿನ ತಗಡಾದರೆ ನಾನು ಮಾಡಿಕೊಡಬಲ್ಲೆ. ಬರಿಯ ತಗಡನ್ನು ಕೊಟ್ಟರೆ ಸಾಕು, ಕೋವಿಯನ್ನು ಮನೆಯಿಂದ ಹೊರಗೆ ತರುವ ಅಗತ್ಯವೇ ಇಲ್ಲ. ಯಂತ್ರವಿರುವ ಇತರರಿಗೂ ಒಂದು ಮಾತು: ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೊಳೆಯುವ ತಗಡಿನಿಂದ ಚಿಮ್ಮಿ ಅಕ್ಷಿಪಟಲವನ್ನು ಸುಡಬಲ್ಲದು. 1064 ನ್ಯಾನೋಮೀಟರ್‌ಗೆಂದೇ ಮಾಡಿದ ಕನ್ನಡಕವಿಲ್ಲದೆ, ಹೊಗೆ ಹೀರುವ ವ್ಯವಸ್ಥೆಯಿಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಬೋಪಣ್ಣ, ಪೊನ್ನಂಪೇಟೆ:
ಎಲ್ಲರಿಗೂ ಕೃತಜ್ಞತೆಗಳು. ಇಂದು ಸಂಜೆ ನೋಡಿದೆವು: ಹಿಡಿಯ ಕೆಳಗೆ ಅಂಡಾಕಾರದ ತಗಡು ಇದೆ, ಅದರಲ್ಲಿ ಯಾವ ಅಕ್ಷರವೂ ಇಲ್ಲ. ಒಕ್ಕದ ಹೆಸರನ್ನು ಅಲ್ಲಿ ಕೈಯಿಂದಲೇ ಕೆತ್ತಿಸುವುದಕ್ಕೆ ಹುಡುಗರೂ ಹಿರಿಯರೂ ಒಪ್ಪಿದ್ದಾರೆ. ತೋಕ್ ಪೂವಿನ ಚಿತ್ರವನ್ನು ಕೋವಿ ಇಡುವ ಪೆಟ್ಟಿಗೆಯ ಹಿತ್ತಾಳೆ ಫಲಕಕ್ಕೆ ಸಂತೋಷ್ ಅವರಿಂದ ಹಾಕಿಸುತ್ತೇವೆ. ಪೂಣಚ್ಚ ಮಾವ, ಆ ತಗಡು ಹಿಡಿಗೆ ಮೊಳೆಯಿಂದ ಕೂತಿದೆಯೋ ಅಂಟಿನಿಂದಲೋ ತಿಳಿಯುತ್ತಿಲ್ಲ, ಕಳಚುವುದು ಹೇಗೆ?

ಪೂಣಚ್ಚ, ವಿರಾಜಪೇಟೆ:
ಕಳಚಬೇಡ ಮಗ. ಅದರ ಹಿಂದೆ ಮರದೊಳಗೆ ಇಳಿದ ಮೊಳೆ ಇರುತ್ತದೆ, ಮೀಟಿದರೆ ಹಳೆಯ ವಾಲ್‌ನಟ್ ಮರ ಸೀಳುತ್ತದೆ. ಮೊದಲು ಕೋವಿ ಖಾಲಿಯಿದೆಯೇ ಎಂದು ತೆರೆದು ನೋಡಿ, ನಳಿಗೆಯನ್ನು ಬೇರ್ಪಡಿಸಿ ಮನೆಯಲ್ಲೇ ಇಡು. ದುರಸ್ತಿಗಾರರ ಬಳಿಗೆ ಹಿಡಿಯ ಭಾಗವನ್ನು ನೀನೇ ತೆಗೆದುಕೊಂಡು ಹೋಗಿ, ಅಕ್ಕಸಾಲಿಗರನ್ನು ಅಲ್ಲಿಗೇ ಕರೆಸಿ, ತಗಡು ಕೂತಲ್ಲೇ ಕೆತ್ತಿಸಿ, ಮುಗಿಯುವವರೆಗೆ ಪಕ್ಕದಲ್ಲೇ ಇರು.