ಸಹಾಯ ಬೇಕು: ಮನೆಯ ರೂಟರ್‌ಗೆ ಹೊರಗಿನಿಂದ ನಿರಂತರ ಲಾಗಿನ್ ಯತ್ನ (ತಿಪಟೂರು)

ಎಲ್ಲರಿಗೂ ನಮಸ್ಕಾರ. ತಿಪಟೂರಿನ ನಮ್ಮ ಮನೆಯ ಫೈಬರ್ ರೂಟರ್‌ನ ಲಾಗ್ ತೆರೆದು ನೋಡಿದಾಗ, ಬೇರೆ ಬೇರೆ ಐಪಿ ವಿಳಾಸಗಳಿಂದ ‘ಅಡ್ಮಿನ್’, ‘ರೂಟ್’, ‘ಸಪೋರ್ಟ್’ ಎಂಬ ಹೆಸರುಗಳಲ್ಲಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಳನುಗ್ಗುವ ಯತ್ನ ನಡೆದಿರುವುದು, ಅದರಲ್ಲಿ ಬಹುಪಾಲು, ದೂರದಿಂದ ಸಾಧನವನ್ನು ನಿಯಂತ್ರಿಸುವ ಹಳೆಯ ವಿಧಾನವಾದ ಟೆಲ್ನೆಟ್‌ನ 23ನೇ ಪೋರ್ಟ್‌ಗೆ ಬಂದಿರುವುದು ಕಂಡಿತು. ಇದು ಯಾರೋ ನಮ್ಮನ್ನೇ ಗುರಿಯಾಗಿಸಿ ಕೂತು ಮಾಡುತ್ತಿರುವ ಕೆಲಸವಲ್ಲ. 2016ರಲ್ಲಿ ಹರಡಿದ ಕುತಂತ್ರಾಂಶ ಮಿರಾಯ್‌ನಂತೆ, ಕಾರ್ಖಾನೆಯಲ್ಲೇ ಇಟ್ಟು ಕಳಿಸಿದ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಇಂಟರ್ನೆಟ್ಟನ್ನೆಲ್ಲ ಜಾಲಾಡುವ, ತಾವಾಗಿಯೇ ಓಡುವ ಪ್ರೋಗ್ರಾಂಗಳಾದ ಬಾಟ್‌ಗಳದ್ದು ಎಂಬುದನ್ನು ಬಲ್ಲೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈ ಸೇರುವ ಸೌಲಭ್ಯ) ನಿಲ್ಲಿಸಿ, ತಂದೆಯವರ ಜಿಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿದ್ದೇನೆ; ಅವರ ಕೊಬ್ಬರಿ ವ್ಯಾಪಾರದ ಬಿಲ್ಲು, ಬ್ಯಾಂಕಿನ ಸಂದೇಶ ಎಲ್ಲವೂ ಅಲ್ಲಿಗೇ ಬರುತ್ತವೆ.

ಉಳಿದಿರುವ ತೊಡಕೆಂದರೆ, ಟೆಲ್ನೆಟ್ಟನ್ನೂ ಹೊರಗಿನಿಂದ ನಿರ್ವಹಿಸುವ ಸೌಲಭ್ಯವನ್ನೂ ಆಫ್ ಮಾಡುವ ಆಯ್ಕೆ ಸೇವಾದಾರರ ಲಾಗಿನ್‌ನಲ್ಲಿ ಮಾತ್ರ ಇದೆ. ಕನೆಕ್ಷನ್ ಕೊಟ್ಟ ಹುಡುಗನನ್ನು ಕೇಳಿದರೆ, ‘ನೆಟ್ ಬರ್ತಿದೆಯಲ್ಲ ಸಾರ್’ ಎನ್ನುತ್ತಾನೆ. ಇದನ್ನು ಮುಚ್ಚಿಸಲು ಅವರಿಗೆ ಲಿಖಿತವಾಗಿ ಏನೆಂದು ಕೇಳಬೇಕು? ಅವರ ಪೆಟ್ಟಿಗೆಯನ್ನು, ಅದು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ ಸ್ವಂತ ರೂಟರ್ ಇಟ್ಟುಕೊಂಡವರು ತುಮಕೂರು ಕಡೆ ಇದ್ದರೆ, ಅದಕ್ಕೆ ಒಪ್ಪಿಸಿದ ಬಗೆಯನ್ನು ದಯವಿಟ್ಟು ತಿಳಿಸಿ. ರೂಟರ್‌ನ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸವನ್ನು ಯಾರಾದರೂ ಈಗಾಗಲೇ ಬದಲಿಸಿದ್ದಾರೆಯೇ ಎಂದು ಪರೀಕ್ಷಿಸುವ ಕ್ರಮವನ್ನೂ ಬರೆದರೆ ಉಪಕಾರವಾಗುತ್ತದೆ.