ಹಳೆಯ ಹಾಸ್ಟೆಲ್ ಗೆಳತಿಯರ ಗುಂಪು: ಸೌತಾಲ್ ಬರಹದ ಮೇಲಿನ ಚರ್ಚೆ

ಚೈತ್ರಾ: ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಕುರಿತ ಬರಹವೊಂದನ್ನು ಮೇಲೆ ಹಾಕಿದ್ದೇನೆ, ದಯವಿಟ್ಟು ಓದಿ. ಏಷ್ಯಾ ಮತ್ತು ಆಫ್ರಿಕಾ-ಕೆರಿಬಿಯನ್ ಮೂಲದ ಹೆಂಗಸರು 1979ರಲ್ಲಿ ಕಟ್ಟಿದ ಈ ಸಂಘಟನೆ, ವರ್ಷಗಟ್ಟಲೆ ಹೊಡೆತ ತಿಂದು ಕೊನೆಗೆ ಗಂಡನಿಗೆ ಬೆಂಕಿಯಿಟ್ಟ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಪರ ನಿಂತು, ಕೊಲೆಯ ತೀರ್ಪು 1992ರಲ್ಲಿ ಮೇಲ್ಮನವಿಯಲ್ಲಿ ರದ್ದಾಗುವವರೆಗೂ ಹೋರಾಡಿತು. ಅಮೆರಿಕದ ನಮ್ಮ ಕನ್ನಡ ಕೂಟಗಳ ಮಹಿಳಾ ವಿಭಾಗಗಳು ಹಬ್ಬದ ಕಾರ್ಯಕ್ರಮಗಳಾಚೆಗೆ ಇಂಥ ಕೆಲಸಕ್ಕೆ ಏಕೆ ಕೈಹಾಕಬಾರದು?

ವಸುಧಾ: ಚೈತ್ರಾ, ನಿನ್ನ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ವಲಸಿಗರ ಬಗ್ಗೆ ಮೊದಲೇ ಕಟು ಮಾತು ಕೇಳಿಬರುತ್ತಿರುವಾಗ, ನಮ್ಮವರ ಹುಳುಕನ್ನು ನಾವೇ ಬೀದಿಗೆ ತರುವುದು ಬೇಡವೆನಿಸುತ್ತದೆ.

ಚೈತ್ರಾ: ಅಕ್ಕ, ಅವರ ಕಾಲವೇನೂ ಸುಗಮವಾಗಿರಲಿಲ್ಲ. ಅದೇ 1979ರ ಏಪ್ರಿಲ್‌ನಲ್ಲಿ ನ್ಯಾಷನಲ್ ಫ್ರಂಟ್ ಎಂಬ ವರ್ಣದ್ವೇಷಿ ಪಕ್ಷದ ಸಭೆಯ ವಿರುದ್ಧ ಸೌತಾಲಿನ ಜನ ಬೀದಿಗಿಳಿದಿದ್ದರು. ಹೊರಗಿನ ದ್ವೇಷವನ್ನು ಎದುರಿಸುತ್ತಲೇ ಈ ಹೆಂಗಸರು ಮನೆಯೊಳಗಿನ ಹೊಡೆತದ ಬಗ್ಗೆಯೂ ಬಾಯಿಬಿಟ್ಟರು.

ನಾಗಶ್ರೀ: ಮರ್ಯಾದೆಯ ಮಾತು ಹಾಗಿರಲಿ, ವೀಸಾದ ವಿಚಾರವನ್ನು ಇಬ್ಬರೂ ಎತ್ತಲಿಲ್ಲ. ಗಂಡನ ಎಚ್-1ಬಿ ಎಂಬ ಉದ್ಯೋಗ ವೀಸಾದ ಆಸರೆಯಲ್ಲಿ, ಎಚ್-4 ಎಂಬ ಅವಲಂಬಿತರ ವೀಸಾದ ಮೇಲೆ ಬಂದವಳಿಗೆ ವಿಚ್ಛೇದನವಾದರೆ ಆ ಸ್ಥಾನಮಾನವೇ ಹೋಗುತ್ತದೆ. 2015ರ ನಿಯಮದಿಂದ ಸಿಗುವ ಕೆಲಸದ ಪರವಾನಗಿಯೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ಮುಟ್ಟಿದ್ದವರಿಗಷ್ಟೇ. ಹಿಂಸೆಗೊಳಗಾದ ಹೆಂಡತಿ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದೆಂಬ 1994ರ ಕಾನೂನು, ಗಂಡ ಅಲ್ಲಿನ ಪೌರ ಅಥವಾ ಗ್ರೀನ್ ಕಾರ್ಡ್ ಉಳ್ಳವನಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಎಚ್-4 ಹೆಂಡತಿ, ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾಗುವವರಿಗೆಂದಿರುವ ಯು ವೀಸಾ ಕೇಳಬಹುದು, ಆದರೆ ಅದಕ್ಕೆ ಪೊಲೀಸರಂಥವರ ದೃಢೀಕರಣ ಬೇಕು, ವರ್ಷಕ್ಕೆ 10,000ದ ಮಿತಿಯೂ ಇದೆ. ಇದನ್ನೆಲ್ಲ ಬಿಡಿಸಿ ಹೇಳಬೇಕಾದವರು ವಲಸೆ ವಕೀಲರೇ ಹೊರತು ಕೂಟದ ಕಾರ್ಯದರ್ಶಿಯಲ್ಲ. ಹಿಂಸೆಗೊಳಗಾದ ದಕ್ಷಿಣ ಏಷ್ಯಾ ಮೂಲದ ಹೆಂಗಸರಿಗೆ ನೆರವಾಗುವ ಕೆಲಸವನ್ನು ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕಿನಲ್ಲಿ 1989ರಿಂದ ಸಖಿ ಎಂಬ ಸಂಸ್ಥೆಗಳು ಮಾಡುತ್ತ ಬಂದಿವೆ.

ವಸುಧಾ: ಹಾಗಿದ್ದರೆ ಅವರ ಫೋನ್ ಸಂಖ್ಯೆಯನ್ನು ಎಲ್ಲರಿಗೂ ಕೊಟ್ಟರೆ ಸಾಕಲ್ಲವೇ?

ನಾಗಶ್ರೀ: ಸಾಲದು, ಅಕ್ಕ. ಗಂಡನೇ ಅವಳ ಫೋನ್ ತೆರೆದು ನೋಡುವ ಮನೆಯಲ್ಲಿ ಆ ಸಂಖ್ಯೆಯನ್ನು ಉಳಿಸಿಕೊಳ್ಳುವುದೂ ಅಪಾಯ. ಅವಳ ಜೊತೆ ಕನ್ನಡದಲ್ಲಿ ಮಾತಾಡಿ, ಕೇಳಿದ್ದನ್ನು ಗುಟ್ಟಾಗಿಟ್ಟು, ಅವಳು ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆಯಿಡುವ ತರಬೇತಿ ಪಡೆದ ನಾಲ್ಕು ಮಂದಿ ಬೇಕು. ಅವರು ಕೂಟದ ಸಮಿತಿಗೆ ವರದಿ ಒಪ್ಪಿಸುವವರಾಗಿರಬಾರದು.

ಚೈತ್ರಾ: ಸಮಿತಿಯಿಂದ ದೂರವಿರಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಕೂಟದ ಹೊಣೆ ಅಲ್ಲಿಗೆ ಮುಗಿಯುವುದಾದರೆ, ಹೆಂಡತಿಗೆ ಹೊಡೆಯುವವನು ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುತ್ತಲೇ ಇರುತ್ತಾನೆ, ಕೂಟ ಬಿಟ್ಟು ಹೋಗಬೇಕಾದವಳು ಅವಳೇ ಆಗುತ್ತಾಳೆ.

ವಸುಧಾ: ಬರೀ ಆರೋಪದ ಮೇಲೆ ಯಾರನ್ನೂ ಹೊರಗಿಡಲು ನಾನು ಒಪ್ಪುವುದಿಲ್ಲ. ತರಬೇತಿಯ ಖರ್ಚನ್ನು ಕೂಟ ಕೊಡಬೇಕೆಂದು ಮಾತ್ರ ಖಂಡಿತ ಕೇಳುತ್ತೇನೆ.

ಚೈತ್ರಾ: ಆರೋಪ ಬೇಡ ಅಕ್ಕ, ಯಾರ ವಿರುದ್ಧ ನ್ಯಾಯಾಲಯ ರಕ್ಷಣಾ ಆದೇಶ ಹೊರಡಿಸಿದೆಯೋ ಅಂಥವನು ಪದಾಧಿಕಾರಿ ಆಗಬಾರದೆಂಬ ನಿಯಮವೊಂದನ್ನು ಬೈಲಾಕ್ಕೆ ಸೇರಿಸಲು ಮಹಾಸಭೆಯಲ್ಲಿ ಗೊತ್ತುವಳಿ ಮಂಡಿಸುತ್ತೇನೆ, ನೀವು ಅನುಮೋದಿಸುತ್ತೀರಾ?

ವಸುಧಾ: ಕರಡನ್ನು ಮೊದಲು ಕಳಿಸು, ಓದಿ ಹೇಳುತ್ತೇನೆ.